ವಿಳಾಸಮೀಮಾಂಸೆ

ಮನುಷ್ಯನಿಗೊಂದು ವಿಳಾಸ ಇರುತ್ತದೆ ಎಂಬುದು ಲೋಕರೂಢಿ. ವಿಳಾಸಕ್ಕೊಬ್ಬ ಮನುಷ್ಯ ಇರುತ್ತಾನೆ ಎಂಬುದು ಶಾಸ್ತ್ರ. ಆತ್ಮವು ದೇಹದೊಳಗಿದೆಯೋ ಆಚೆಗಿದೆಯೋ ಎಂದು ಶತಮಾನಗಟ್ಟಲೆ ವಾದಿಸಿದ ನಮ್ಮ ದಾರ್ಶನಿಕರು, ಆ ದೇಹ ಎಷ್ಟನೇ ಅಡ್ಡರಸ್ತೆಯಲ್ಲಿದೆ, ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳುವುದನ್ನೇ ಮರೆತರು. ಆ ಲೋಪವನ್ನು ತುಂಬಿಕೊಟ್ಟ ಕೀರ್ತಿ ಥಾಯ್ಲೆಂಡಿನ ವಲಸೆ ಇಲಾಖೆಗೆ ಸಲ್ಲಬೇಕು. ಈ ದರ್ಶನದ ಮೂಲಗ್ರಂಥ 1979ರ ವಲಸೆ ಕಾಯ್ದೆ. ಅದರ 37 ಮತ್ತು 38ನೇ ಸೆಕ್ಷನ್‌ಗಳು ಸೂತ್ರಗಳು. ಟಿಎಂ 30, ಟಿಎಂ 47 ಮೊದಲಾದ ನಮೂನೆಗಳು ಭಾಷ್ಯ. ಕೌಂಟರಿನಾಚೆ ಕುಳಿತ ಅಧಿಕಾರಿಯ ಮಾತು ವಾರ್ತಿಕ. ಉಕ್ತ, ಅನುಕ್ತ, ದುರುಕ್ತಗಳನ್ನು ವಿಚಾರಿಸುವುದು ವಾರ್ತಿಕದ ಲಕ್ಷಣವೆಂದು ಹಿರಿಯರು ಹೇಳಿದ್ದಾರೆ. ಕೌಂಟರಿನಲ್ಲಿ ಅನುಕ್ತದ ಪಾಲೇ ಹೆಚ್ಚು. ಈ ಪ್ರಬಂಧ ಸ್ಥಾಪಿಸಹೊರಟಿರುವ ಸಿದ್ಧಾಂತ ಇಷ್ಟು: ಪರದೇಶದಲ್ಲಿ ವಿಳಾಸವೇ ನಿತ್ಯ, ದೇಹ ಅದಕ್ಕೆ ಲಗತ್ತಿಸಿದ ದಾಖಲೆ.

ಮೊದಲನೆಯ ಪ್ರಮಾಣ 38ನೇ ಸೆಕ್ಷನ್. ಪರದೇಶಿಯೊಬ್ಬ ಬಂದು ತಂಗಿದ 24 ಗಂಟೆಯೊಳಗೆ ಆ ಸಂಗತಿಯನ್ನು ವಲಸೆ ಕಚೇರಿಗೆ ತಿಳಿಸಬೇಕು. ತಿಳಿಸಬೇಕಾದವರು ಯಾರು? ಬಂದವನಲ್ಲ, ಮನೆಯ ಯಜಮಾನ, ಮಾಲೀಕ, ಇಲ್ಲವೇ ಹೋಟೆಲಿನ ಮ್ಯಾನೇಜರ್. ತಿಳಿಸದಿದ್ದರೆ ಮನೆಯವರಿಗೆ 2,000 ಬಾತ್‌ವರೆಗೆ, ಹೋಟೆಲಿನವರಿಗೆ 2,000ದಿಂದ 10,000 ಬಾತ್‌ವರೆಗೆ ದಂಡ. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಮನೆಯೇ ಕರ್ತೃ, ಪರದೇಶಿ ಬರಿಯ ಕರ್ಮ. ಆದರೆ ಫಲವನ್ನು ಉಣ್ಣುವವನು ಮಾತ್ರ ಕರ್ಮಪದವೇ. ವೀಸಾ ವಿಸ್ತರಣೆಗೆ ಹೋದಾಗ ಈ ವರದಿಯ ನಮೂನೆಯಾದ ಟಿಎಂ 30ರ ರಸೀದಿ ಇಲ್ಲವೆಂದರೆ ಅರ್ಜಿ ಮುಂದಕ್ಕೆ ಹೋಗದು. ಬಾಡಿಗೆಯ ವರಮಾನ ತೆರಿಗೆಯವರ ಕಣ್ಣಿಗೆ ಬಿದ್ದೀತೆಂದು ಹಿಂಜರಿಯುವ ಮಾಲೀಕರ ಹಿಂದೆ ಅಲೆಯುವ ಪಾಡು ಬಾಡಿಗೆದಾರನದು. ಒಬ್ಬರು ಮಾಡದ ಕರ್ಮದ ಫಲ ಇನ್ನೊಬ್ಬರಿಗೆ ಸಲ್ಲುವುದು ಹೇಗೆಂಬ ಪ್ರಶ್ನೆಯನ್ನು ಯಾವ ದರ್ಶನವೂ ಇಷ್ಟು ಸಲೀಸಾಗಿ ಬಿಡಿಸಿರಲಿಲ್ಲ. ಇನ್ನು ಥಾಯ್ ಮನೆಗಳಿಗೆ ‘ತಬಿಯನ್ ಬಾನ್’ ಎಂಬ ನೋಂದಣಿ ಪುಸ್ತಕ ಉಂಟು. ಪುಸ್ತಕ ಇರುವುದು ಮನೆಗೆ. ಮನುಷ್ಯರು ಅದರೊಳಗಿನ ಸಾಲುಗಳು. ದೇಶದವರಿಗೆ ನೀಲಿ, ತಾತ್ಕಾಲಿಕವಾಗಿ ಇರುವ ಪರದೇಶಿಗೆ ಹಳದಿ. ಥಾಯ್ ಹೆಣ್ಣನ್ನು ಮದುವೆಯಾದ ಆಧಾರದ ಮೇಲೆ ವಿಸ್ತರಣೆ ಕೇಳುವವನು ಮನೆಗೆ ದಾರಿ ತೋರಿಸುವ ನಕ್ಷೆಯ ಜೊತೆಗೆ, ಮನೆ ನಂಬರು ಕಾಣುವಂತೆ ದಂಪತಿ ನಿಂತ ಫೋಟೋವನ್ನೂ ಕೊಡಬೇಕು. ದಾಂಪತ್ಯಕ್ಕೆ ಅಗ್ನಿಸಾಕ್ಷಿ ಸಾಲದು, ಗೇಟಿನ ಮೇಲಿನ ನಂಬರೂ ಸಾಕ್ಷಿ ಹೇಳಬೇಕು.

ಎರಡನೆಯ ಪ್ರಮಾಣ ಟಿಎಂ 47, ಅರ್ಥಾತ್ ತೊಂಬತ್ತು ದಿನದ ವರದಿ. ದೀರ್ಘಾವಧಿ ವೀಸಾದ ಮೇಲೆ ಇರುವವನು ಒಂದೇ ಸಮನೆ 90 ದಿನ ದೇಶದೊಳಗೆ ಇದ್ದರೆ ತಾನು ಎಲ್ಲಿದ್ದೇನೆಂದು ವರದಿ ಮಾಡಬೇಕು. ಮನೆ ಬದಲಾಗಿಲ್ಲ, ಕೆಲಸ ಬದಲಾಗಿಲ್ಲ, ಹೆಂಡತಿ ಬದಲಾಗಿಲ್ಲ, ಆದರೂ ಮಾಡಬೇಕು. ಏನೂ ಆಗಿಲ್ಲ ಎಂಬುದೇ ವರದಿಯ ವಸ್ತು. ಪ್ರತಿಯೊಂದು ವಸ್ತುವೂ ಕ್ಷಣಮಾತ್ರ ಇದ್ದು ಅಳಿಯುತ್ತದೆ, ಮರುಕ್ಷಣ ಇರುವುದು ಬೇರೆಯದೇ ಎಂದು ಬೌದ್ಧ ತಾರ್ಕಿಕರು ಸಾಧಿಸಿದ್ದರು. ಥಾಯ್ ಇಲಾಖೆ ಉದಾರವಾಗಿ ಆ ಕ್ಷಣವನ್ನು 90 ದಿನಕ್ಕೆ ಹಿಗ್ಗಿಸಿದೆ, ಅಷ್ಟೇ. ಅವಧಿ ಮುಗಿದೊಡನೆ ಪರದೇಶಿಯ ಇರವು ಸಂಶಯಕ್ಕೆ ಬೀಳುತ್ತದೆ. ಪಾಸ್‌ಪೋರ್ಟಿಗೆ ಹೊಸ ಚೀಟಿಯೊಂದನ್ನು ಪಿನ್ ಹೊಡೆದಾಗ ಮತ್ತೆ ಸಿದ್ಧವಾಗುತ್ತದೆ. ಇದಕ್ಕೆ ಮುಹೂರ್ತವೂ ಗೊತ್ತಾಗಿದೆ: ಗಡುವಿಗೆ 15 ದಿನ ಮೊದಲಿನಿಂದ 7 ದಿನ ಆಮೇಲಿನವರೆಗೆ. ಅದನ್ನೂ ಮೀರಿ ತಾನಾಗಿ ಹೋದವನಿಗೆ ಸಾಮಾನ್ಯವಾಗಿ 2,000 ಬಾತ್ ದಂಡ, ಸಿಕ್ಕಿಬಿದ್ದವನಿಗೆ ಇನ್ನೂ ಹೆಚ್ಚು. ಪ್ರಾಯಶ್ಚಿತ್ತವನ್ನು ತಾನೇ ಕೇಳಿಕೊಂಡರೆ ಲಘು, ಹೇಳಿಸಿಕೊಂಡರೆ ಗುರು ಎಂಬ ನಮ್ಮ ಧರ್ಮಶಾಸ್ತ್ರದ ನಡೆಯೂ ಇದೇ.

ಹಾಗಿದ್ದರೆ ದೇಶ ಬಿಟ್ಟು ಹೋಗಿ ಬಂದರೆ? ಇಲ್ಲಿ ಪುನರ್ಜನ್ಮ ಪ್ರಕರಣ ಶುರುವಾಗುತ್ತದೆ. ಗಡಿ ದಾಟಿ ಮರುದಿನವೇ ಮರಳಿದರೂ ತೊಂಬತ್ತರ ಎಣಿಕೆ ಒಂದರಿಂದ ಮೊದಲಾಗುತ್ತದೆ. ಆದರೆ ಮರುಪ್ರವೇಶದ ಪರವಾನಗಿ ತೆಗೆದುಕೊಳ್ಳದೆ ಹೊರಟವನ ವಿಸ್ತರಣೆ ಗಡಿಯಲ್ಲೇ ಪ್ರಾಣ ಬಿಡುತ್ತದೆ; ಅಂದರೆ ಪೂರ್ವಜನ್ಮದ ಪುಣ್ಯ ಮುಂದಿನ ಜನ್ಮಕ್ಕೆ ತಾನಾಗಿ ಬಾರದು, ಅದಕ್ಕೆ ಒಂದು ಸಲಕ್ಕಾದರೆ 1,000, ಹಲವು ಸಲಕ್ಕಾದರೆ 3,800 ಬಾತ್ ಮುಂಗಡ ಕಟ್ಟಬೇಕು. ನಿವೃತ್ತಿಯ ನೆಲೆಯಲ್ಲಿ ವಿಸ್ತರಣೆ ಪಡೆಯಲು ಐವತ್ತು ತುಂಬಿದವರು ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟು ತೋರಿಸುವ ದಾರಿಯೊಂದಿದೆ. ವಾನಪ್ರಸ್ಥಕ್ಕೆ ಠೇವಣಿ ವಿಧಿಸಿದ ಮೊದಲ ಸ್ಮೃತಿ ಇದೇ ಇರಬೇಕು.

ಈಗ ಪೂರ್ವಪಕ್ಷ. ಮೊದಲ ಆಕ್ಷೇಪ: ‘2020ರಲ್ಲಿ ಇಲಾಖೆ ನಿಯಮ ಸಡಿಲಿಸಿತಲ್ಲ? ನಿಮ್ಮ ಸಿದ್ಧಾಂತ ಅಲ್ಲಿಗೇ ಬಿದ್ದುಹೋಯಿತು.’ ವಿಷಯ ನಿಜ. 2019ರಲ್ಲಿ ಟಿಎಂ 30ನ್ನು ಬಿಗಿಯಾಗಿ ಜಾರಿ ಮಾಡಿದಾಗ ಬೇರೆ ಪ್ರಾಂತಕ್ಕೆ ಹೋಗಿ ಒಂದೆರಡು ರಾತ್ರಿ ಕಳೆದು ಬಂದವನ ಬಗ್ಗೆಯೂ ಮತ್ತೆ ವರದಿ ಆಗಬೇಕೆಂಬ ವ್ಯಾಖ್ಯಾನ ಚಾಲ್ತಿಗೆ ಬಂದು ಗದ್ದಲವಾಯಿತು. ಮರುವರ್ಷ, ಒಮ್ಮೆ ವರದಿಯಾದ ಅದೇ ಮನೆಗೆ ಮರಳುವವನಿಗೆ ಮರುವರದಿ ಬೇಡವೆಂದು ವಿನಾಯಿತಿ ಸಿಕ್ಕಿತು. ಆದರೆ ಈ ವಿನಾಯಿತಿ ನಮ್ಮ ಸಿದ್ಧಾಂತಕ್ಕೇ ಊರುಗೋಲು. ದೇಹ ಚಿಯಾಂಗ್ ಮಾಯ್‌ಗೆ ಹೋಯಿತೋ ಫುಕೆಟ್‌ಗೆ ಹೋಯಿತೋ, ವಿಳಾಸ ಕದಲಲಿಲ್ಲ. ಕದಲಿದ್ದು ಲಗತ್ತು ಮಾತ್ರ. ಲಗತ್ತಿನ ಓಡಾಟಕ್ಕೆ ಹೊಸ ಅರ್ಜಿ ಏಕೆ?

ಎರಡನೆಯ ಆಕ್ಷೇಪ ಗಂಭೀರವಾದದ್ದು: ‘ಇದು ದೇಶದ ಭದ್ರತೆಯ ಪ್ರಶ್ನೆ, ನಗುವಂಥದ್ದಲ್ಲ.’ ಕಾಯ್ದೆ ಹುಟ್ಟಿದ 1979 ಕಾಂಬೋಡಿಯಾದಿಂದ ನಿರಾಶ್ರಿತರು ಥಾಯ್ ಗಡಿಗೆ ಹರಿದುಬರುತ್ತಿದ್ದ ಕಾಲ. ಯಾರು ಎಲ್ಲಿದ್ದಾರೆಂದು ಸರ್ಕಾರ ತಿಳಿಯಬಯಸಿದ್ದು ಸಹಜ, ನ್ಯಾಯವೂ ಹೌದು. ಆದರೆ ಕೇಡು ಮಾಡಬಂದವನು ತಪ್ಪು ವಿಳಾಸ ಬರೆಯಬಲ್ಲ, ಅಥವಾ ಬರೆಯದೆಯೇ ಇರಬಲ್ಲ. ಹೀಗಾಗಿ ವರದಿಯ ಕಡತದಲ್ಲಿ ಕೊನೆಗೆ ಉಳಿಯುವುದು ಯಾರನ್ನು ಹುಡುಕಬೇಕಾಗಿಲ್ಲವೋ ಅವರ ವಿಳಾಸಗಳ ಅತ್ಯಂತ ನಿಖರವಾದ ಪಟ್ಟಿ. ಬಲೆ ಹರಿದಿದೆ ಎಂದು ಇದರ ಅರ್ಥವಲ್ಲ. ತಾವಾಗಿ ಬುಟ್ಟಿಗೆ ಹಾರುವ ಮೀನುಗಳನ್ನು ಮಾತ್ರ ಅದು ಚೆನ್ನಾಗಿ ಎಣಿಸುತ್ತದೆ.

ಮೂರನೆಯ ಆಕ್ಷೇಪ: ‘ಇದೆಲ್ಲ ಥಾಯ್ಲೆಂಡಿನ ವಿಲಕ್ಷಣ, ಸಾರ್ವತ್ರಿಕವಾದ ಶಾಸ್ತ್ರವಲ್ಲ.’ ಹಾಗೆನ್ನುವವರು ಲೋಕ ಕಂಡಿಲ್ಲ. ಜರ್ಮನಿಯಲ್ಲಿ ಹೊಸ ಮನೆ ಹೊಕ್ಕ ಎರಡು ವಾರದೊಳಗೆ, ಮನೆ ಮಾಲೀಕನ ದೃಢೀಕರಣ ಹಿಡಿದು ನೋಂದಾಯಿಸಬೇಕು. ಅಲ್ಲಿನ ಸಮದರ್ಶಿತ್ವ ಎಷ್ಟೆಂದರೆ ಸ್ವಂತ ಪ್ರಜೆಗಳಿಗೂ ಇದರಿಂದ ಬಿಡುಗಡೆಯಿಲ್ಲ. ಅಮೆರಿಕದಲ್ಲಿ ಮನೆ ಬದಲಿಸಿದ ಎಚ್-1ಬಿ ವೀಸಾದ ಕನ್ನಡಿಗ 10 ದಿನದೊಳಗೆ ಎಆರ್-11 ನಮೂನೆ ತುಂಬಬೇಕು. 1981ರವರೆಗಂತೂ ಅಲ್ಲಿ ಮನೆ ಬದಲಾಗಿರಲಿ ಬಿಡಲಿ, ಪ್ರತಿ ಜನವರಿಯಲ್ಲಿ ಪರದೇಶಿಗಳು ವಿಳಾಸ ವರದಿ ಮಾಡಬೇಕಿತ್ತು. ನಮ್ಮ ಮನೆಯಂಗಳವನ್ನೂ ನೋಡೋಣ. ಭಾರತದಲ್ಲಿ ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು 24 ಗಂಟೆಯೊಳಗೆ ಫಾರಂ III (2025ರವರೆಗೆ ಇದರ ಹೆಸರು ಫಾರಂ ಸಿ) ಸಲ್ಲಿಸಬೇಕು. ಹೋಟೆಲು, ಧರ್ಮಛತ್ರಗಳಿಗೆ ಮಾತ್ರವಲ್ಲ, ಖಾಸಗಿ ಮನೆಗೂ ಇದು ಅನ್ವಯ. ಅಮೆರಿಕದ ಪಾಸ್‌ಪೋರ್ಟಿನ ಮೊಮ್ಮಗ ಇ-ವೀಸಾ ಹಿಡಿದು ಬಂದು ಮೈಸೂರಿನ ಅಜ್ಜಿಯ ಮನೆಯಲ್ಲಿ ಮಲಗಿದರೆ, ಹೋಳಿಗೆಗೆ ಕಣಕ ಕಲಸುವುದಕ್ಕೆ ಮೊದಲು ಅಜ್ಜಿ ಫಾರಂ III ತುಂಬುವುದು ಶಾಸ್ತ್ರಸಮ್ಮತ. ಬ್ಯಾಂಕಾಕಿನ ಮಾಲೀಕನಿಗೂ ಮೈಸೂರಿನ ಅಜ್ಜಿಗೂ ಕೊಟ್ಟ ಗಡುವು ಒಂದೇ ಆಗಿರುವುದು ಈ ದರ್ಶನ ದೇಶಕಾಲಾತೀತ ಎನ್ನಲು ಸಾಕು.

ಕೊನೆಯದು ಆಧುನಿಕರ ಆಕ್ಷೇಪ: ‘ಎಲ್ಲವೂ ಆನ್‌ಲೈನ್ ಆಗುತ್ತಿದೆ, ಕಾಗದದ ಜೊತೆ ನಿಮ್ಮ ಮೀಮಾಂಸೆಯೂ ಹೋಗುತ್ತದೆ.’ 2025ರ ಮೇ 1ರಿಂದ ಥಾಯ್ಲೆಂಡಿನ ಆಗಮನ ಚೀಟಿ ಡಿಜಿಟಲ್ ಆಗಿದೆ. ಬರುವುದಕ್ಕೆ ಹಿಂದಿನ 3 ದಿನಗಳೊಳಗೆ ಅದನ್ನು ತುಂಬಬೇಕು, ಎಲ್ಲಿ ತಂಗುತ್ತೀರೆಂದೂ ಬರೆಯಬೇಕು. ಎಂದರೆ ದೇಹ ಇನ್ನೂ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಡ್ಲಿ ತಿನ್ನುತ್ತಿರುವಾಗಲೇ ವಿಳಾಸ ಬ್ಯಾಂಕಾಕ್ ತಲುಪಿರುತ್ತದೆ. ಕಾಗದದ ಕಾಲದಲ್ಲಿ ಎರಡೂ ಒಟ್ಟಿಗೆ ಇಳಿಯುತ್ತಿದ್ದವು. ವಿಳಾಸ ಮೊದಲು, ದೇಹ ಆಮೇಲೆ ಎಂಬ ನಮ್ಮ ಸಿದ್ಧಾಂತಕ್ಕೆ ಕಂಪ್ಯೂಟರಿಗಿಂತ ದೊಡ್ಡ ಪ್ರಮಾಣ ಇನ್ನೊಂದಿಲ್ಲ.

ಪ್ರಯೋಜನ ಹೇಳದೆ ಅಧಿಕರಣ ಮುಗಿಸುವಂತಿಲ್ಲ. ಪರದೇಶಕ್ಕೆ ಹೊರಟ ಓದುಗರು ಮನೆ ನೋಡುವಾಗ ಗಾಳಿ, ಬೆಳಕು, ನೀರಿನ ವಿಚಾರ ಆಮೇಲೆ ಕೇಳಲಿ. ಮಾಲೀಕರು ವರದಿ ಸಲ್ಲಿಸಿ ರಸೀದಿ ಕೊಡುವರೇ ಎಂಬುದನ್ನು ಮೊದಲು ಕೇಳಲಿ. ತೊಂಬತ್ತನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಲಿ. ಆ ವರದಿಯಿಂದ ವೀಸಾ ಒಂದು ದಿನವೂ ಬೆಳೆಯುವುದಿಲ್ಲ, ವೀಸಾದ ಕೊನೆಯ ದಿನವೇ ಬೇರೆ, ಅದನ್ನು ಮೀರಿದರೆ ದಿನಕ್ಕೆ 500 ಬಾತ್‌ನಂತೆ 20,000ದವರೆಗೆ ತೆರಬೇಕಾಗುತ್ತದೆ ಎಂಬುದನ್ನು ಮರೆಯದಿರಲಿ. ಸಿದ್ಧಾಂತವನ್ನು ಒಪ್ಪದೆ ಇರಲು ಎಲ್ಲರೂ ಸ್ವತಂತ್ರರು. ರಸೀದಿಯ ಎರಡು ಜೆರಾಕ್ಸ್ ಪ್ರತಿ ಮಾತ್ರ ಜೊತೆಗಿಟ್ಟುಕೊಳ್ಳಿ.