ಕೋಆರ್ಡಿನೇಟರ್ ಸಾಹೇಬರು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದದವರು ಎರಡು ಬಗೆ. ಕ್ಯಾಂಟೀನಿನಲ್ಲಿ ಕೂತು ಓದದವರು ಒಂದು ಬಗೆ, ಪುರುಸೊತ್ತಿಲ್ಲದೆ ಓದದವರು ಇನ್ನೊಂದು. ಮೊದಲನೆಯವರನ್ನು ಎಚ್‌ಒಡಿ ಕರೆಸಿ ಬೈಯುತ್ತಾರೆ. ಎರಡನೆಯವರನ್ನು ಪ್ರಿನ್ಸಿಪಾಲರೇ ಹೆಸರು ಹಿಡಿದು ಕರೆದು ಕುರ್ಚಿ ತೋರಿಸುತ್ತಾರೆ. ಕುತ್ತಿಗೆಯಲ್ಲಿ ಎರಡು ಐಡಿ ಕಾರ್ಡು, ಕೈಯಲ್ಲಿ ಪರ್ಮಿಷನ್ ಲೆಟರು, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಫೋನು. ಹೀಗೆ ಕಾರಿಡಾರಿನಲ್ಲಿ ಅರ್ಧ ನಡೆಯುತ್ತ ಅರ್ಧ ಓಡುತ್ತ ಹೋಗುವ ಹುಡುಗ ಕಂಡರೆ ಅವನೇ ಕೋಆರ್ಡಿನೇಟರ್. ಯಾವುದರ ಕೋಆರ್ಡಿನೇಟರ್ ಎಂದು ಕೇಳಬೇಡಿ. ಅದು ಅವನಿಗೂ ಆ ದಿನದ ಬ್ಯಾನರ್ ನೋಡಿದ ಮೇಲೆಯೇ ಗೊತ್ತಾಗುವುದು.

ಹುಟ್ಟಿನಿಂದ ಇವನು ಹೀಗಿರಲಿಲ್ಲ. ಸಿಇಟಿ ರ‍್ಯಾಂಕಿನ ಮೇಲೆ ಎಲೆಕ್ಟ್ರಿಕಲ್ ಸೀಟು ಹಿಡಿದು, ಬೆನ್ನಿಗೆ ಶೀಟ್ ಹೋಲ್ಡರ್, ಬಗಲಲ್ಲಿ ಡ್ರಾಫ್ಟರ್ ಇಟ್ಟುಕೊಂಡು ಎಲ್ಲರಂತೆಯೇ ಬಂದವನು. ಮೊದಲ ವಾರದ ಓರಿಯೆಂಟೇಷನ್ನಿನಲ್ಲಿ ಮುಖ್ಯ ಅತಿಥಿಗಳು, “ಇಂಜಿನಿಯರಿಂಗ್ ಅಂದ್ರೆ ಬರೀ ಪುಸ್ತಕ ಅಲ್ಲ, ಕಾಲೇಜ್ ಲೈಫನ್ನ ಪೂರ್ತಿ ಉಪಯೋಗಿಸ್ಕೊಳ್ಳಿ” ಎಂದರು. ಇಡೀ ಸಭಾಂಗಣ ತೂಕಡಿಸುತ್ತಿತ್ತು. ಎಚ್ಚರವಿದ್ದವನು ಇವನೊಬ್ಬನೇ. ಮೊದಲ ಸೆಮಿಸ್ಟರಿನ ಫಿಸಿಕ್ಸ್ ಸೈಕಲ್ ಮುಗಿಯುವಷ್ಟರಲ್ಲಿ ಎನ್‌ಎಸ್‌ಎಸ್, ಕನ್ನಡ ಸಂಘ, ರೋಬೋಟಿಕ್ಸ್ ಕ್ಲಬ್ಬು ಮೂರಕ್ಕೂ ಸದಸ್ಯನಾದ. ಎರಡನೆಯ ಸೆಮಿಸ್ಟರಿನ ಕೆಮಿಸ್ಟ್ರಿ ಸೈಕಲ್ಲಿನಲ್ಲಿ ಪದಾಧಿಕಾರಿಯಾದ. ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ಇವನಿಲ್ಲದೆ ಕಾಲೇಜಿನಲ್ಲಿ ದೀಪ ಬೆಳಗುವಂತಿರಲಿಲ್ಲ, ಏಕೆಂದರೆ ಬತ್ತಿ, ಎಣ್ಣೆ, ಬೆಂಕಿಪೊಟ್ಟಣ ಮೂರೂ ಇವನ ಬ್ಯಾಗಿನಲ್ಲಿದ್ದವು.

ಗಣಿತದಲ್ಲಿ ಇವನಿಗೆ ಚೆನ್ನಾಗಿ ಬರುವ ಅಧ್ಯಾಯ ಒಂದೇ: ಅಟೆಂಡೆನ್ಸು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮದ ಪ್ರಕಾರ ಪ್ರತಿ ವಿಷಯಕ್ಕೂ ನೂರಕ್ಕೆ 85 ಹಾಜರಿ ಬೇಕು, ತಕ್ಕ ಕಾರಣವಿದ್ದರೆ ಇನ್ನು 10ರವರೆಗೆ ಮಾಫಿ. ಈ 85 ಮತ್ತು 75ರ ನಡುವಿನ ಕಿರಿದಾದ ಓಣಿಯಲ್ಲೇ ಇವನ ಸಂಸಾರ. “ಮಗಾ, ಇನ್ನು ಎರಡು ಕ್ಲಾಸ್ ಬಿಟ್ರೆ ಶಾರ್ಟೇಜು, ಒಂದು ಬಿಟ್ರೆ ಕಂಡೊನೇಷನ್ನು” ಎಂದು ಗೆಳೆಯರ ಲೆಕ್ಕವನ್ನೂ ಬಾಯಲ್ಲೇ ಹೇಳುತ್ತಾನೆ. ಫೂರಿಯರ್ ಸೀರೀಸ್ ಮಾತ್ರ ಯಾವ ಫೆಸ್ಟಿನಲ್ಲೂ ಬರಲಿಲ್ಲವಾಗಿ ಇವನಿಗೆ ಪರಿಚಯವಾಗಲಿಲ್ಲ.

ಇವನ ನಿಜವಾದ ಸುಗ್ಗಿ ಆಕ್ಟಿವಿಟಿ ಪಾಯಿಂಟಿನದು. ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಯೋಜನೆಯಂತೆ ಡಿಗ್ರಿ ಮುಗಿಯುವುದರೊಳಗೆ ಹುಡುಗರು ಸಮಾಜಸೇವೆ ಮಾಡಿ 100 ಪಾಯಿಂಟ್ ಗಳಿಸಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಬಂದವರಿಗೆ 75. ಉದ್ದೇಶ ಒಳ್ಳೆಯದೇ. ಹಳ್ಳಿ ಸುತ್ತಿ, ಶಾಲೆ ನೋಡಿ, ಕೆರೆ ಶುಚಿ ಮಾಡಿ ಬರುವವರೂ ಇದ್ದಾರೆ. ಆದರೆ ಕೊನೆಯ ಸೆಮಿಸ್ಟರಿನಲ್ಲಿ ಗಾಬರಿಬಿದ್ದು ಓಡಿಬರುವವರಿಗೆಲ್ಲ ಇವನೇ ಗತಿ. ಹಾಸ್ಟೆಲ್ ಹಿಂದೆ ಒಂದು ಹೊಂಗೆ ಗಿಡವಿದೆ. ಅದನ್ನು ನಾಲ್ಕು ಬ್ಯಾಚಿನವರು ನೆಟ್ಟಿದ್ದಾರೆ. ಫೋಟೋಗಳಲ್ಲಿ ಹುಡುಗರ ಮುಖ ಬದಲಾಗುತ್ತದೆ, ಗಿಡ ಮಾತ್ರ ವರ್ಷ ವರ್ಷಕ್ಕೂ ಎತ್ತರವಾಗುತ್ತ ಹೋಗುತ್ತದೆ. ಈಚೆಗೆ ಅದನ್ನು ನೆಡುವವರು ನೆರಳಿನಲ್ಲಿ ನಿಂತು ನೆಡುತ್ತಾರೆ.

ಸೆಪ್ಟೆಂಬರ್ 15 ಬಂತೆಂದರೆ ಇವನನ್ನು ಹಿಡಿಯುವವರಿಲ್ಲ. ಇಂಜಿನಿಯರ್ಸ್ ಡೇ! ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡ, ಗಡಿಯಾರಕ್ಕೆ ಮರ್ಯಾದೆ ಕೊಡುವುದರಲ್ಲಿ ಹೆಸರಾದ ವಿಶ್ವೇಶ್ವರಯ್ಯನವರ ಫೋಟೋಗೆ ಬೆಳಿಗ್ಗೆ ಹತ್ತಕ್ಕೆ ಮಾಲೆ. ಅತಿಥಿಗಳು ಬರುವುದು ಹನ್ನೊಂದೂವರೆಗೆ. ಅಷ್ಟು ಹೊತ್ತೂ ಮೈಕು ಹಿಡಿದು ಸಭೆಯನ್ನು ಕೂರಿಸುವವನು ಇವನು. ಅತಿಥಿಗಳು ಮಾತು ಶುರುಮಾಡುತ್ತಲೂ ಕರೆಂಟು ಹೋಗುತ್ತದೆ. ಎಲೆಕ್ಟ್ರಿಕಲ್ ವಿಭಾಗದ ರ‍್ಯಾಂಕ್ ಹುಡುಗರೆಲ್ಲ ಸಾಲಾಗಿ ನಿಂತು ಬೋರ್ಡನ್ನು ದೂರದಿಂದ ನೋಡಿ ಮೂರು ಕಾರಣ ಊಹಿಸುತ್ತಾರೆ. ಇವನು ಫೋನು ತೆಗೆಯುತ್ತಾನೆ: “ಅಣ್ಣಾ, ಆಡಿಟೋರಿಯಂ ಎಂಸಿಬಿ ಬಿದ್ದಿದೆ, ಬೇಗ ಬನ್ನಿ. ನಿಮ್ಗೆ ಕೇಸರಿಬಾತ್ ಎತ್ತಿಟ್ಟಿದೀನಿ.” ಐದು ನಿಮಿಷದಲ್ಲಿ ದೀಪ, ಚಪ್ಪಾಳೆ. ಇವನೂ ಎಲೆಕ್ಟ್ರಿಕಲ್ ವಿಭಾಗದವನೇ ಎಂಬುದು ಆ ಹೊತ್ತಿನಲ್ಲಿ ಪ್ರಿನ್ಸಿಪಾಲರಿಗೂ ಹೊಳೆಯುವುದಿಲ್ಲ, ಇವನಿಗೂ ಹೊಳೆಯುವುದಿಲ್ಲ.

ಹೊಳೆಯುವುದು ಲ್ಯಾಬ್ ವೈವಾದಲ್ಲಿ. ಎಕ್ಸ್‌ಟರ್ನಲ್ ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು, “ಕಿರ್ಚಾಫ್ ನಿಯಮ ಹೇಳಪ್ಪಾ” ಎನ್ನುತ್ತಾರೆ. ಇವನಿಗೆ ತಟ್ಟನೆ ಫೆಸ್ಟಿನ ಲೆಕ್ಕದ ಪುಸ್ತಕ ನೆನಪಾಗುತ್ತದೆ. ಬೇಕರಿಯವರು, ಕೋಚಿಂಗ್ ಸೆಂಟರಿನವರು ಕೊಟ್ಟ ಸ್ಪಾನ್ಸರ್ ಹಣ ಅಷ್ಟೂ ಶಾಮಿಯಾನಾ, ಸೌಂಡು, ಊಟಕ್ಕೆ ಸರಿಹೋಗಿ ಕೈಯಲ್ಲಿ ಚಿಕ್ಕಾಸು ಉಳಿದಿರಲಿಲ್ಲ. “ಸರ್, ಒಂದು ಜಂಕ್ಷನ್‌ಗೆ ಎಷ್ಟು ಬರುತ್ತೋ ಅಷ್ಟೂ ಹೊರಗೆ ಹೋಗುತ್ತೆ.” “ಭೇಷ್! ಎರಡನೇದು?” ಈಗ ಪರ್ಮಿಷನ್ ಲೆಟರು ಕಣ್ಣ ಮುಂದೆ ಬರುತ್ತದೆ. ಎಚ್‌ಒಡಿಯಿಂದ ಡೀನ್, ಡೀನಿಂದ ಪ್ರಿನ್ಸಿಪಾಲ್, ಅಲ್ಲಿಂದ ಆಫೀಸು, ಆಫೀಸಿನಿಂದ ಮತ್ತೆ ಎಚ್‌ಒಡಿ. “ಸರ್, ಪೂರ್ತಿ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದ್ರೆ ಒಟ್ಟು ಮೊತ್ತ ಸೊನ್ನೆ.” ಎಕ್ಸ್‌ಟರ್ನಲ್ ದಂಗಾಗುತ್ತಾರೆ. ಎರಡೂ ಉತ್ತರ ಸರಿ. ಪುಸ್ತಕ ತೆರೆಯದೆ ಕಿರ್ಚಾಫನ ಮನೆ ಹಿತ್ತಲಿನಿಂದ ಒಳಹೊಕ್ಕವನು ಇವನೊಬ್ಬನೇ ಇರಬೇಕು.

ಥಿಯರಿ ಪೇಪರು ಇಷ್ಟು ಕರುಣಾಳುವಲ್ಲ. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲು, ಒಂದೊಂದರಲ್ಲೂ ಎರಡೆರಡು ಪ್ರಶ್ನೆ, ಯಾವುದಾದರೂ ಒಂದಕ್ಕೆ ಉತ್ತರಿಸಿದರೆ ಸಾಕು. ಪಾಸಾಗಲು ಪರೀಕ್ಷೆಯಲ್ಲಿ ನೂರಕ್ಕೆ 35 ಬಂದರಾಯಿತು. 36ನೆಯದು ಇವನ ದೃಷ್ಟಿಯಲ್ಲಿ ದುಂದುವೆಚ್ಚ. ಹಿಂದಿನ ರಾತ್ರಿ ಜೆರಾಕ್ಸ್ ಅಂಗಡಿಯ ನೋಟ್ಸು ಬರುತ್ತದೆ. ಬಂದ ಅರ್ಧ ಗಂಟೆಗೆ ಕನ್ನಡ ಸಂಘದ ಹುಡುಗನೂ ಬರುತ್ತಾನೆ: “ಗುರೂ, ಡೊಳ್ಳಿನವರು ಅಡ್ವಾನ್ಸ್ ಕೇಳ್ತಿದಾರೆ.” ಸರ್ಕ್ಯೂಟ್ ಅನಾಲಿಸಿಸ್ ಫೇಲಾಗಿ ಬ್ಯಾಕ್ ಉಳಿದದ್ದು ಹೀಗೆ.

ಇವನನ್ನು ದಡ್ಡ ಎನ್ನುವವರು ಇವನ ಜೊತೆ ಶಾಮಿಯಾನಾದವನ ಹತ್ತಿರ ಒಮ್ಮೆ ಚೌಕಾಸಿಗೆ ಹೋಗಿಬರಬೇಕು. ಸಾವಿರ ಜನರ ಮುಂದೆ ನಡುಗದೆ ನಿಲ್ಲುವುದು, ಪೈಸೆ ಪೈಸೆಗೆ ಲೆಕ್ಕ ಒಪ್ಪಿಸುವುದು, ಮುನಿದ ಗುಮಾಸ್ತರಿಂದ ನಗುತ್ತ ಸಹಿ ಹಾಕಿಸುವುದು: ಇದನ್ನು ಯಾವ ಮಾಡ್ಯೂಲೂ ಕಲಿಸುವುದಿಲ್ಲ, ಯಾವ ಆಫೀಸೂ ಬೇಡ ಎನ್ನುವುದಿಲ್ಲ. ಎಡವಟ್ಟು ಒಂದೇ. ಕಾಲೇಜಿನಲ್ಲಿ ಸಿಗುವ ಹತ್ತೆಂಟು ವಸ್ತುಗಳಲ್ಲಿ ಪಾಠವೂ ಒಂದು ಎಂಬುದನ್ನು ಯಾರೂ ಸರ್ಕ್ಯುಲರ್ ಮೂಲಕ ಇವನಿಗೆ ತಿಳಿಸಲಿಲ್ಲ.

ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದರೆ ಬೈಯಬೇಡಿ. ಮುಂದಿನ ಗೃಹಪ್ರವೇಶದ ಉಸ್ತುವಾರಿಯನ್ನು ಧೈರ್ಯವಾಗಿ ಅವನಿಗೇ ಒಪ್ಪಿಸಿ. ಪುರೋಹಿತರಿಂದ ತಾಂಬೂಲದ ಚೀಲದವರೆಗೆ ಒಂದೂ ತಪ್ಪುವುದಿಲ್ಲ. ವೈರಿಂಗ್ ಮಾತ್ರ, ಆ ಬ್ಯಾಕ್ ಕ್ಲಿಯರ್ ಆಗುವ ತನಕ, ಬೇರೆಯವರ ಕೈಲಿ ಮಾಡಿಸಿ.