ಬರ್ತಾ ಇದೆ, ಬರ್ತಾ ಇದೆ

ನನ್ನ ಕೈಗೆ ಯಾವುದೂ ಸಲೀಸಾಗಿ ಬಿಚ್ಚಿಕೊಂಡದ್ದಿಲ್ಲ. ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳವೂ ಹೆಂಡತಿಯ ಖಾತೆ. ಆಗುಂಬೆ ಘಾಟಿಯಲ್ಲಿ ಹಿಂದಿನ ಟಯರು ಕೂತಾಗ ಪಾನಾ ಹಿಡಿದು ನಾನೇ ಇಳಿದದ್ದು ಶೌರ್ಯದಿಂದಲ್ಲ; ಮದುವೆಗೆ ಹೊರಟಿದ್ದ ಭಾವಮೈದ ಬಿಳಿ ಪಂಚೆ ಉಟ್ಟಿದ್ದ.

ಮೂರು ನಟ್ಟು ಪಾನಾದ ಮೇಲೆ ಹತ್ತಿ ಕುಣಿದ ಮೇಲೆ ಬಂದವು. ನಾಲ್ಕನೆಯದು, ಆಹಾ! ಮುಟ್ಟಿದ್ದೇ ತಡ, ತಿರುಗತೊಡಗಿತು. ಒಂದೇ ಕೈ ಸಾಕು. ಎರಡೇ ಬೆರಳು ಸಾಕೆಂದು ಹೆಂಡತಿಗೆ ತೋರಿಸಿದೆ. ತಡೆಗೋಡೆಯ ಮೇಲಿನ ಮಂಗಗಳಿಗೂ ಕಾಣಲೆಂದು ಪಕ್ಕಕ್ಕೆ ಸರಿದು ಕೂತೆ.

"ಬಂತಾ ಭಾವ?"

"ಬರ್ತಾ ಇದೆ ಮಾರಾಯ. ಉದ್ದದ ಸ್ಟಡ್ಡು ಕಾಣ್ತದೆ."

ತಿರುಗಿಸಿದೆ. ಹಾರ್ನ್ ಹೊಡೆಯುತ್ತ ಹತ್ತಿ ಬಂದ ಮಿನಿ ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡಿದರು; ಅವರ ಸಮಾಧಾನಕ್ಕೂ ನಾಲ್ಕು ಸುತ್ತು ತಿರುಗಿಸಿದೆ.

"ಭಾವ, ಇಷ್ಟು ತಿರುಗಿಸಿದ್ದಕ್ಕೆ ಅದು ಇಷ್ಟೊತ್ತಿಗೆ ಘಾಟಿ ಇಳಿದು ಸೋಮೇಶ್ವರ ಮುಟ್ಟಬೇಕಿತ್ತು."

ಬಗ್ಗಿ ನೋಡಿದೆ. ಸ್ಟಡ್ಡಿನ ತುದಿಗೆ ಕೆಮ್ಮಣ್ಣಿನ ಒಂದು ಚುಕ್ಕೆ ಅಂಟಿತ್ತು. ಪಾನಾ ತಿರುಗಿಸಿದರೆ ಚುಕ್ಕೆ ಎಡಕ್ಕೆ ಇಳಿಯಿತು, ಕೆಳಗೆ ಹೋಯಿತು, ಬಲದಿಂದ ಹತ್ತಿ ಮತ್ತೆ ಮೇಲೆ ಬಂದು ನನ್ನನ್ನೇ ನೋಡಿತು.

ಫೋನ್ ಮಾಡಿದ ಮೇಲೆ ಹೆಬ್ರಿಯಿಂದ ಬೈಕಿನಲ್ಲಿ ಬಂದ ಮೆಕ್ಯಾನಿಕ್ ವಿವರಿಸಿದ. ಸ್ಟಡ್ಡಿನ ಬುಡದಲ್ಲಿ ಸಣ್ಣ ಹಲ್ಲುಗಳಿದ್ದು, ಅವನ್ನು ಹಬ್ಬಿನ ತೂತಿಗೆ ಒತ್ತಿ ಕೂರಿಸಿರುತ್ತಾರೆ. ನಟ್ಟು ಕಚ್ಚಿಕೊಂಡು ಆ ಹಲ್ಲು ಸವೆದರೆ ಎರಡೂ ಜೋಡಿಯಾಗಿ ಸುತ್ತುತ್ತವೆ. ಹಿಂದಿನಿಂದ ಹಿಡಿಯೋಣವೆಂದರೆ ಸ್ಟಡ್ಡಿನ ತಲೆ ಡ್ರಮ್ಮಿನ ಒಳಗೆ. ಡ್ರಮ್ ಬರಲು ಗಾಲಿ ಬರಬೇಕು, ಗಾಲಿ ಬರಲು ನಟ್ಟು ಬರಬೇಕು.

"ಗನ್ ಹೊಡೆಸಿದ್ರಾ ಸಾರ್?"

ಹೊಡೆಸಿದ್ದೆ. ಚಿಕ್ಕ ಕಾರಿನ ನಟ್ಟಿಗೆ 100 ನ್ಯೂಟನ್ ಮೀಟರಿನ ಆಸುಪಾಸು ಬಿಗಿದರೆ ಸಾಕು. ಆದರೆ ಈ ಪಂಚರ್ ಅಂಗಡಿಗಳಲ್ಲಿ ನಟ್ಟು ಬಿಗಿಯಲು ಲಾರಿಗೂ ಕಾರಿಗೂ ಅದೇ ಗಾಳಿ ಗನ್ನು, ಅದೇ ಡರ್‍ರ್. ನಟ್ಟನ್ನು ಮೊದಲು ಕೈಯಲ್ಲಿ ಎರಡು ಸುತ್ತು ಹಿಡಿಸುವಷ್ಟೂ ವ್ಯವಧಾನವಿಲ್ಲ. ನನಗೆ ಗನ್ ಹೊಡೆದುಕೊಟ್ಟ ಅಂಗಡಿ ಹುಡುಗನ ಚುರುಕಿಗೆ ಮೆಚ್ಚಿ ನಾನು ಹತ್ತು ರೂಪಾಯಿ ಜಾಸ್ತಿ ಬೇರೆ ಕೊಟ್ಟಿದ್ದೆ!

"ಬಿಗಿಯುವಾಗಲೇ ಹೋಗಿದೆ. ಇಷ್ಟು ದಿನ ಮೂರರಲ್ಲೇ ಓಡಿಸಿದ್ದೀರಿ," ಎಂದ.

ಘಾಟಿಯ 14 ತಿರುವುಗಳಲ್ಲಿ 9ನ್ನು ಮಗಳು ಕಿಟಕಿಯ ಬದಿ ಕೂತು ಜೋರಾಗಿ ಎಣಿಸಿ ಮುಗಿಸಿದ್ದಳು. ಸ್ವಲ್ಪ ಹೊತ್ತು ನಾವ್ಯಾರೂ ಮಾತಾಡಲಿಲ್ಲ.

ಆಮೇಲೆ ಗಾಲಿಗೂ ಡ್ರಮ್ಮಿಗೂ ನಡುವೆ ಹಾರೆ ಕೊಟ್ಟು ಹೊರಕ್ಕೆ ಮೀಟಿದೆವು. ಹಾಗೆ ಎಳೆತ ಬಿದ್ದರೆ ಸ್ಟಡ್ಡಿನ ತಲೆ ಹಿಂದೆ ಕಚ್ಚಿ ನಿಂತು ನಟ್ಟು ಬರುವುದುಂಟಂತೆ. ಬರಲಿಲ್ಲ. ಬಿಳಿ ಪಂಚೆಗೆ ಗ್ರೀಸ್ ಬಂತು. ಕೊನೆಗೆ ಮೆಕ್ಯಾನಿಕ್ ಚಾಣವಿಟ್ಟು ನಟ್ಟನ್ನೇ ಸೀಳಿದ.

ಹೆಬ್ರಿಯಲ್ಲಿ ಹಳೆಯ ಸ್ಟಡ್ಡು ಹೊಡೆದು ತೆಗೆದು ಹೊಸದು ಕೂರಿಸಿ, "ಒಮ್ಮೆ ನೀವೇ ಬಿಗಿದು ನೋಡಿ ಸಾರ್" ಎಂದು ಪಾನಾ ಕೊಟ್ಟ. ಅರ್ಧಕ್ಕೇ ಗಟ್ಟಿಯಾಗಿ ನಿಂತುಬಿಟ್ಟಿತು.

"ಇದು ಸರಿಯಿಲ್ಲ ಮಾರಾಯ, ಮೊದಲಿನದು ಎಷ್ಟು ಚೆನ್ನಾಗಿ ತಿರುಗ್ತಿತ್ತು!" ಎಂದೆ. ಭಾವಮೈದ ಪಾನಾ ಕಿತ್ತುಕೊಂಡ.