ಹೊರಡಬಹುದು, ನಿಲ್ಲುವಂತಿಲ್ಲ

ನಮ್ಮ ಸ್ಪ್ಲೆಂಡರ್ ಬಿದ್ದದ್ದು ರಸ್ತೆಯಲ್ಲಲ್ಲ, ಸಾಂಗ್ಲಿವಾಡಿಯ ನಮ್ಮ ಮನೆಯಂಗಳದಲ್ಲಿ. ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ಒರಗಿದ್ದ ಗಾಡಿ, ರಾತ್ರಿ ಮಳೆಗೆ ಕರಿಮಣ್ಣು ಮೆತ್ತಗಾಗಿ, ನಸುಕಿನಲ್ಲಿ ಯಾರಿಗೂ ಹೇಳದೆ ಕೇಳದೆ ತುಳಸಿಕಟ್ಟೆಗೆ ದೀರ್ಘದಂಡ ಹಾಕಿತ್ತು. ಎತ್ತಿ ನಿಲ್ಲಿಸಿದರೆ ಕ್ಲಚ್ ಲಿವರ್ ಇದ್ದ ಜಾಗದಲ್ಲಿ ಹೆಬ್ಬೆರಳಿನಷ್ಟು ಮೊಂಡು. ಉಳಿದದ್ದು ಕಟ್ಟೆಯ ಬುಡದಲ್ಲಿ, ನಿನ್ನೆಯ ಬಾಡಿದ ಕಣಗಿಲೆ ಹೂವಿನ ಜೊತೆ.

“ಐತವಾರ ನೀವು ಬಿಗಿ ಮಾಡಿದ್ದು ಇದನ್ನ ಅಲ್ಲೇನ್ರೀ?” ಅಂದಳು ಮನೆಯವಳು.

ಒಪ್ಪಿಕೊಳ್ಳಲೇಬೇಕು. ಬಲ್ಲ ಫಿಟರುಗಳು ಲಿವರಿನ ಬ್ರ್ಯಾಕೆಟ್ಟನ್ನು ಪೂರ್ತಿ ಬಿಗಿಯುವುದಿಲ್ಲ. ಗಾಡಿ ಬಿದ್ದರೆ ಅದು ಹ್ಯಾಂಡಲ್ ಮೇಲೆ ಸರಕ್ಕನೆ ತಿರುಗಿಕೊಳ್ಳಬೇಕು, ಮುರಿಯಬಾರದು. ನಮ್ಮ ಫಿಟರ್ ಹಾಗೆಯೇ ಬಿಟ್ಟಿದ್ದ. ಅದು ಅವನ ಸೋಮಾರಿತನವೆಂದು ತಿಳಿದ ನಾನು, ಮಿರಜಿನ ಸಿತಾರ್ ಮಾಡುವವರು ತಂತಿ ಬಿಗಿಯುವಷ್ಟು ಶ್ರದ್ಧೆಯಿಂದ ಸ್ಪ್ಯಾನರ್ ತಿರುವಿದ್ದೆ. ಎಲ್ಲಿಗೆ ಬಿಗಿ ಸಾಕು ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಮರಾಠಿ ರಂಗಭೂಮಿ ಹುಟ್ಟಿದ್ದು ಇದೇ ಸಾಂಗ್ಲಿಯಲ್ಲಿ. ಕನ್ನಡನಾಡಿನಿಂದ ಬಂದ ಭಾಗವತರ ಮೇಳದ ಆಟ ನೋಡಿದ ಮೇಲೆ ವಿಷ್ಣುದಾಸ ಭಾವೆ 1843ರಲ್ಲಿ ಸಂಸ್ಥಾನದ ಅರಸರೆದುರು ಆಡಿಸಿದ್ದು ‘ಸೀತಾಸ್ವಯಂವರ’. ಆ ಕಥೆಯಲ್ಲಿ ಮುರಿದವನಿಗೆ ಸೀತೆ ಸಿಕ್ಕಳು. ನನಗೆ ಮೊದಲೇ ಸಿಕ್ಕಿದ್ದಳು, ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಿದ್ದಳು.

ಅವತ್ತೇ ಅವಳ ತಾಯಿ ಘಟಪ್ರಭಾದಿಂದ ರೈಲು ಹತ್ತಿ ಮಿರಜ್ ಜಂಕ್ಷನ್ನಿನಲ್ಲಿ ಇಳಿಯುವವರಿದ್ದರು. ಕರೆತರುವ ಕೆಲಸ ನನ್ನದು.

“ಆ ಮೊಂಡನ್ನ ಪಕ್ಕಡಲೆ ಹಿಡದು ಜಗ್ಗಿದ್ರ ಆಗೂದಿಲ್ಲೇನ್ರೀ?”

ಹೆಂಗಸರಿಗೆ ಮಶೀನಿನ ವಿಷಯ ತಿಳಿಸಿ ಹೇಳಬೇಕಾಗುತ್ತದೆ ಎಂದುಕೊಂಡು ಉಪನ್ಯಾಸ ಶುರುಮಾಡಿದೆ. “ನೋಡು, ಲಿವರ್ ಮುರಿದರೆ ಕ್ಲಚ್ ಕೆಡೋದಿಲ್ಲ. ಒಳಗೆ ಎಣ್ಣೆಯಲ್ಲಿ ನೆನೆದ ಪ್ಲೇಟುಗಳನ್ನ ಸ್ಪ್ರಿಂಗು ಸದಾ ಒತ್ತಿ ಹಿಡಿದಿರುತ್ತೆ. ಲಿವರ್ ಎಳೆದಾಗಷ್ಟೇ ಇಂಜಿನ್ ಬೇರೆ, ಚಕ್ರ ಬೇರೆ. ನ್ಯೂಟ್ರಲ್‌ನಲ್ಲಿ ಗೇರೇ ಇಲ್ಲ ಅಂದಮೇಲೆ ಬಿಡಿಸೋದು ಏನನ್ನ? ಒದ್ದರೆ ಚಾಲು!” ಒದ್ದೆ. ಮೂರನೆಯ ಒದೆತಕ್ಕೆ ಚಾಲೂ ಆಯಿತು. ನಾನು ಅವಳ ಮುಖ ನೋಡಿದೆ. ಅವಳು ಗಡಿಯಾರ ನೋಡಿದಳು.

ಹತ್ತಿ ಕೂತು ಫಸ್ಟ್ ಗೇರ್ ಒತ್ತಿದೆ. ಗಾಡಿ ಹಗ್ಗ ಹರಿದ ಕರುವಿನ ಹಾಗೆ ಎರಡಡಿ ನೆಗೆದು ಸತ್ತುಹೋಯಿತು. ಮತ್ತೆ ಒದ್ದು, ಮತ್ತೆ ಒತ್ತಿದೆ. ಈ ಸಲ ಬಟ್ಟೆ ಒಣಹಾಕಿದ ತಂತಿಯವರೆಗೆ ಹೋಯಿತು. ಹೆಡ್‌ಲೈಟಿನ ಮೇಲೆ ಅವಳ ಇಳಕಲ್ ಸೀರೆ ಸೆರಗು ಹೊದ್ದುಕೊಂಡಿತು. ನಿಂತ ಚಕ್ರಕ್ಕೆ ತಿರುಗುವ ಇಂಜಿನ್ನನ್ನು ಏಕ್‌ದಂ ಗಂಟು ಹಾಕಿದರೆ ಇನ್ನೇನಾಗುತ್ತದೆ? 97.2 ಸಿಸಿಯ ಬಡಪಾಯಿ ಅದು. ಮೊದಲು ಚಕ್ರವೂ ತಿರುಗುತ್ತಿರಬೇಕು. ಎಕ್ಸಲೇಟರ್ ಕೊಡದೆ ಇಂಜಿನ್ ಗುರುಗುಟ್ಟುತ್ತಿರುವಾಗ ಫಸ್ಟ್ ಗೇರಿನ ಓಟ ಅಂದರೆ ಬಿರುಸಾಗಿ ನಡೆಯುವ ಮನುಷ್ಯನ ಓಟ. ಅಷ್ಟಕ್ಕೆ ಗಾಡಿಯನ್ನು ನೂಕಿ ಮುಟ್ಟಿಸಿ ಆಮೇಲೆ ಗೇರ್ ಒತ್ತಿದರೆ ಎರಡೂ ಜಗಳವಿಲ್ಲದೆ ಕೂಡಿಕೊಳ್ಳುತ್ತವೆ.

ನೂಕುವವರು ಯಾರು? ಅವಳೇ. ಸೆರಗು ಸಿಕ್ಕಿಸಿಕೊಂಡು ಕ್ಯಾರಿಯರ್ ಹಿಡಿದು ನೂಕಿದಳು, ನಾನು ಕೂತಲ್ಲಿಂದಲೇ ಎರಡೂ ಕಾಲಿನಿಂದ ನೆಲ ಮೀಟಿದೆ. ‘ಖಟ್’ ಅಂತ ಗೇರ್ ಬಿತ್ತು. ಹೊರಟೇಬಿಟ್ಟೆ! ಹಿಂದಿನಿಂದ ಏನೋ ಕೂಗಿದಳು. ಶುಭಹಾರೈಕೆ ಇರಬೇಕೆಂದು ಕೈ ಬೀಸಿದೆ. ಆಮೇಲೆ ತಿಳಿಯಿತು, ಅವಳು ಕೂಗಿದ್ದು “ರೊಕ್ಕದ ಪಾಕೀಟು ಇಲ್ಲೇ ಐತ್ರೀ” ಅಂತ.

ಓಡುವ ಗಾಡಿಗೆ ಕ್ಲಚ್ಚಿನ ಹಂಗು ಅಷ್ಟಿಲ್ಲ. ಎಕ್ಸಲೇಟರನ್ನು ಕೂದಲೆಳೆಯಷ್ಟು ಬಿಟ್ಟು ಗೇರ್ ಒತ್ತಿದರೆ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಇಳಿಯುತ್ತದೆ. ಸೆಕೆಂಡ್ ಗೇರಿನಲ್ಲಿ ಐರ್ವಿನ್ ಪೂಲಿಗೆ ಬಂದೆ. 1929ರ ಪೂಲು. 2019ರ ಆಗಸ್ಟ್‌ನಲ್ಲಿ ಇದರ ಬಳಿ ಕೃಷ್ಣೆ 57 ಅಡಿ ಮುಟ್ಟಿದ ಮೇಲಂತೂ ಇದನ್ನು ದಾಟುವಾಗ ನೀರಿನತ್ತ ಕಣ್ಣು ಹಾಯಿಸದ ಸಾಂಗ್ಲಿವಾಡಿಯವನಿಲ್ಲ. ಅವತ್ತು ನಾನು ಹಾಯಿಸಲಿಲ್ಲ. ಎದುರಿನಿಂದ ಬರುತ್ತಿದ್ದ ರಿಕ್ಷಾದಲ್ಲಿ, ಮಡಿಲಲ್ಲಿ ಖಟಕ್ ರೊಟ್ಟಿಯ ಗಂಟಿಟ್ಟುಕೊಂಡು ಅತ್ತೆಯವರು ಕೂತಿದ್ದರು. ನಾನು ಅಂಗಳದಲ್ಲಿ ಉಪನ್ಯಾಸ ಮಾಡುತ್ತಿದ್ದಾಗ ರೈಲು ಬಂದು, ಅವರು ಇಳಿದು, ಕಾದು, ಬೇಸತ್ತು ರಿಕ್ಷಾ ಹಿಡಿದಿದ್ದರು.

ರಿಕ್ಷಾ ನಿಂತಿತು. “ಅಳಿಯಂದ್ರ, ಎಲ್ಲಿಗೆ ಹೊಂಟೀರಿ?”

“ನಿಲ್ಲಾಕ ಆಗೂದಿಲ್ರೀ!” ಎಂದು ಕೂಗಿ ಮುಂದೆ ಹೋದೆ. ಇದಕ್ಕಿಂತ ಸತ್ಯವಾದ ಮಾತನ್ನು ನಾನು ಅವರೊಡನೆ ಎಂದೂ ಆಡಿರಲಿಲ್ಲ.

ತಿರುಗಿಸಿಕೊಳ್ಳಲೂ ಧೈರ್ಯವಿಲ್ಲದೆ ಊರೊಳಗೆ ನುಗ್ಗಿದೆ. ಗಣಪತಿ ಗುಡಿಯ ಹತ್ತಿರ ಎಮ್ಮೆಗಳು ಅಡ್ಡ ಬಂದವು. ಹಿಮ್ಮಡಿಯಿಂದ ನ್ಯೂಟ್ರಲ್ ಹುಡುಕುವಷ್ಟರಲ್ಲಿ ಗಾಡಿ ಸತ್ತಿತು. “ಕಾಕಾ, ಧಕ್ಕಾ ದೇವೂ ಕಾ?” ಎನ್ನುತ್ತ ಇಬ್ಬರು ಹುಡುಗರು ನೂಕಿದರು. ಗ್ಯಾರೇಜ್ ಮುಟ್ಟುವವರೆಗೆ ನನ್ನನ್ನು ಹೀಗೆ ನಾಲ್ಕು ಸಲ ನೂಕಲಾಯಿತು, ನಾಲ್ಕನೆಯ ಸಲ ಭಡಂಗ್ ಮಾರುವವನೊಬ್ಬ ಬುಟ್ಟಿ ಕೆಳಗಿಟ್ಟು ಬಂದು ನೂಕಿದ.

ಫಿಟರ್ ಏನೂ ಕೇಳಲಿಲ್ಲ. ಪಕ್ಕಡ ತೆಗೆದು ಮೊಂಡನ್ನು ಕಚ್ಚಿಸಿ ಜಗ್ಗಿದ, ಫಸ್ಟ್ ಗೇರ್ ಹಾಕಿದ, ಒಂದು ಸುತ್ತು ಹೋಗಿ ಬಂದು ನನ್ನೆದುರೇ ನಿಲ್ಲಿಸಿದ. “ಘರೀ ಪಕ್ಕಡ್ ನಾಹೀ ಕಾ?” ಅಂದ. ಮನೆಯಲ್ಲಿ ಎರಡಿವೆ. ಇಲ್ಲ ಅಂದೆ. ಜೇಬು ತಡಕಿದೆ. ಹೊಸ ಲಿವರನ್ನು ಉದ್ರಿಯಲ್ಲಿ ಹಾಕಿಸಿಕೊಂಡೆ.

ಮನೆಗೆ ಬಂದರೆ ಅತ್ತೆಯವರು ಗೋಡೆಯ ಕಡೆ ಮುಖ ಮಾಡಿ ಚಹಾ ಕುಡಿಯುತ್ತಿದ್ದರು. “ದೊಡ್ಡ ಮಂದಿ ಬಿಡವ್ವಾ, ನಿಲ್ಲಾಕೂ ಪುರಸತ್ತಿಲ್ಲ,” ಅಂದರು ಗೋಡೆಗೆ. ಮೂರು ದಿನ ಆ ಗೋಡೆಯ ಜೊತೆಗೇ ಮಾತಾಡಿದರು.

ಓದಿದ್ದು ಸಾಕು, ಒಮ್ಮೆ ಎದ್ದು ಹೋಗಿ ನಿಮ್ಮ ಗಾಡಿಯ ಲಿವರ್ ಮುಟ್ಟಿ ನೋಡಿ ಬನ್ನಿ. ಕೈಗೆ ಅಲ್ಲಾಡಬಾರದು, ಗುದ್ದಿದರೆ ತಿರುಗಬೇಕು. ಹಾಗಿದ್ದರೆ ಸ್ಪ್ಯಾನರ್ ತರಲು ಮಾತ್ರ ಹೋಗಬೇಡಿ.